ಎಂಟನೇ ನಂಬರಿನ ಚೀಟಿರಾಯ

ನಮ್ಮ ಲಾಂಡ್ರಿಯ ಗೋಡೆಯ ಮೇಲೆ ಹದಿನಾಲ್ಕು ನಿಯಮಗಳನ್ನು ಬರೆದು ತೂಗುಹಾಕಿದ್ದಾರೆ. ಅವುಗಳಲ್ಲಿ ಒಂದನ್ನೂ ಯಾರೂ ಪಾಲಿಸುವುದಿಲ್ಲ. ಎಲ್ಲಿಯೂ ಬರೆಯದ ಹದಿನೈದನೆಯದನ್ನು ಮಾತ್ರ ಯಾರೂ ಮುರಿಯುವುದಿಲ್ಲ: ಬಟ್ಟೆಯನ್ನು ನಂಬಬೇಡ, ಚೀಟಿಯನ್ನು ನಂಬು. ಮೂಟೆಯೊಳಗೆ ಆಸ್ಪತ್ರೆಯ ಹಸಿರು ನಿಲುವಂಗಿ ಇದ್ದರೂ ಮೇಲಿನ ಚೀಟಿ ಹೋಟೆಲಿನದಾದರೆ ಅದು ಹೋಟೆಲಿಗೇ ಹೋಗಬೇಕು. ಒಮ್ಮೆ ಹಾಗೆಯೇ ಹೋಯಿತು. ಅಲ್ಲಿ ಊಟ ಬಡಿಸುವವರೆಲ್ಲ ಒಂದು ಹೊತ್ತು ಆಪರೇಷನ್ ಡಾಕ್ಟರುಗಳಾಗಿ ಓಡಾಡಿದರಂತೆ, ಇಬ್ಬರು ಗಿರಾಕಿಗಳು ಅರ್ಧಕ್ಕೇ ಎದ್ದು ಹೋದರಂತೆ. ದೂರು ಬಂದಾಗ ನಮ್ಮ ಮ್ಯಾನೇಜರ್ ರಿಜಿಸ್ಟರು ಬಿಚ್ಚಿ, "ಚೀಟಿ ಸರಿಯಾಗೇ ಇದೆಯಲ್ಲ?" ಎಂದರು. ಅಲ್ಲಿಗೆ ವಿಚಾರಣೆ ಮುಗಿಯಿತು.

ಆ ಚೀಟಿಗಳನ್ನು ಬರೆಯುವವನು ಚೀಟಿರಾಯ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದನ್ನು ಅವನ ಹೆಂಡತಿಯೂ ಮರೆತಿದ್ದಳು. ಕುದಿಯುವ ಸೋಡಾ ನೀರಿನಲ್ಲಿ ಅದ್ದಿದರೂ ಹೋಗದ ಕಪ್ಪು ಶಾಯಿಯಲ್ಲಿ, ಹದಿನೇಳು ವರ್ಷದಿಂದ, ಬೆಡ್‌ಶೀಟಿನ ಮೂಲೆಗಳಲ್ಲಿ ಗುರುತು ಹಾಕುವುದು, ಮೂಟೆಗೆ ಚೀಟಿ ಕಟ್ಟುವುದು ಅವನ ಕೆಲಸ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದ್ದರಿಂದ ಲಾಂಡ್ರಿಯ ಮೂವತ್ತೊಂದು ಜನರ ರಜಾ ಅರ್ಜಿ, ಬ್ಯಾಂಕಿನ ಫಾರಂ, ಮಕ್ಕಳ ಸ್ಕೂಲಿನ ಫಾರಂ ಎಲ್ಲವನ್ನೂ ಅವನೇ ತುಂಬುತ್ತಿದ್ದ. ಯಾರು ಏನು ಹೇಳಿದರೂ ಅವನ ಉತ್ತರ ಒಂದೇ, "ಹೂಂ." ಮಾರಲು ಬಂದವರಿಗೆ ಬೇಡ ಎನ್ನಲು ಬಾರದೆ ಅವನು ಮನೆಗೆ ಕೊಂಡುತಂದ ಸೋಪಿನ ಪೆಟ್ಟಿಗೆಗಳು ಮಂಚದ ಕೆಳಗೆ ತುಂಬಿ ಮಂಚವೇ ಒಂದು ಗೇಣು ಎತ್ತರವಾಗಿತ್ತು. ಇದು ನನಗೆ ಹೇಗೆ ಗೊತ್ತೆಂದರೆ ನಮ್ಮಿಬ್ಬರದೂ ಒಂದೇ ಕಟ್ಟಡ, ನಡುವೆ ತೆಳು ಗೋಡೆ. ನಾನು ಲಾಂಡ್ರಿಯಲ್ಲಿ ಬಟ್ಟೆ ಮಡಿಸುವವನು. ಕಿವಿ ಚುರುಕು, ಬಾಯಿ ಮಂದ.

ಇನ್ನೊಬ್ಬರು ದೊಡ್ಡಕ್ಕ. ಇಸ್ತ್ರಿ ರೋಲರಿನ ಮುಂದೆ ನಿಂತು ಒದ್ದೆ ಬೆಡ್‌ಶೀಟುಗಳನ್ನು ಅದರ ಬಾಯಿಗೆ ಕೊಡುವವರು. ಬಾಯಿ ಎಂದರೆ ಬಾಯಿಯೇ: ಎರಡು ಕಾದ ಉರುಳೆ, ನಡುವೆ ಬೆರಳು ಹೋದರೆ ಮೊಣಕೈವರೆಗೆ ಹೋಗುತ್ತದೆ. ಹಾಗಾಗದಿರಲಿ ಎಂದು ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇದೆ. ಕೈ ತಗುಲಿದ ಕೂಡಲೆ ಯಂತ್ರ ನಿಲ್ಲುತ್ತದೆ. ದಪ್ಪ ಬಟ್ಟೆ ತಗುಲಿದರೂ ನಿಲ್ಲುತ್ತದೆ, ಮ್ಯಾನೇಜರಿಗೆ ಅದೇ ತಲೆನೋವು. ಎರಡು ವರ್ಷದ ಹಿಂದೆ ಅವರು ಆ ಪಟ್ಟಿಯನ್ನು ಬಟ್ಟೆಚೂರಿನಿಂದ ಮೇಲೆತ್ತಿ ಕಟ್ಟಿಸಿದರು. ದೊಡ್ಡಕ್ಕ ಕೆಂಪು ಗುಂಡಿ ಒತ್ತಿ, ಅದರ ಮೇಲೆ ಹೆಬ್ಬೆರಳಿಟ್ಟುಕೊಂಡು ನಲವತ್ತು ನಿಮಿಷ ನಿಂತರು. "ಬಿಚ್ಚಿದ್ರೆ ಕೈ ತೆಗೀತೀನಿ. ಬಿಚ್ಚಲಿಲ್ಲ ಅಂದ್ರೆ ಇಲ್ಲೇ ನಿಂತಿರ್ತೀನಿ, ನನಗೇನು ಕಾಲು ನೋವಿಲ್ಲ." ಮ್ಯಾನೇಜರೇ ಬಂದು ಬಿಚ್ಚಿದರು. ನಾವು ಮೂವತ್ತು ಜನ ದೂರ ನಿಂತು ಮನಸ್ಸಿನಲ್ಲಿ ಚಪ್ಪಾಳೆ ತಟ್ಟಿದೆವು. ನಮ್ಮ ಶೌರ್ಯ ಯಾವಾಗಲೂ ಮನಸ್ಸಿನಲ್ಲೇ.

ದೊಡ್ಡಕ್ಕನ ಮನೆ ಲಾಂಡ್ರಿಯ ಹಿಂದಿನ ಬೀದಿಯಲ್ಲಿ. ಗಂಡ ಹಾಸಿಗೆ ಹಿಡಿದು ಆರು ವರ್ಷ. ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಓಡಿಹೋಗಿ, ಅವರನ್ನು ಮಗ್ಗುಲು ತಿರುಗಿಸಿ, ಊಟ ಕೊಟ್ಟು ವಾಪಸು ಬರುತ್ತಿದ್ದರು. ಇದನ್ನು ಅವರು ಯಾರಿಗೂ ಹೇಳಿದವರಲ್ಲ. ಅಯ್ಯೋ ಪಾಪ ಎಂದವರಿಗೆ, "ಪಾಪ ನಿಮ್ಮ ಮನೇಲಿಟ್ಕೊಳ್ಳಿ" ಎನ್ನುತ್ತಿದ್ದರು.

ಹೀಗಿರುವಾಗ ಮಾಲೀಕರಿಗೆ ಯಾರೋ ಎನಿಯಾಗ್ರಾಮ್ ಎಂಬುದನ್ನು ಹೇಳಿಕೊಟ್ಟರು. ಮನುಷ್ಯರಲ್ಲಿ ಒಂಬತ್ತು ಬಗೆ, ಯಾರು ಯಾವ ಬಗೆ ಎಂದು ತಿಳಿದರೆ ಕೆಲಸ ನೀರು ಕುಡಿದಷ್ಟು ಸುಲಭ ಎಂದು ಅದರ ಸಾರ. ಒಬ್ಬ ತರಬೇತುದಾರ ಬಂದ. ಮೆಲ್ಲಗೆ ಮಾತಾಡಿದರೂ ಕೇಳಿಸುವಷ್ಟು ಚಿಕ್ಕ ಹಾಲಿನಲ್ಲಿ ಕೆನ್ನೆಗೆ ಮೈಕು ಅಂಟಿಸಿಕೊಂಡು, ಹಲಗೆಯ ಮೇಲೆ ಒಂದು ವೃತ್ತ ಬರೆದು, ಸುತ್ತ ಒಂಬತ್ತು ಚುಕ್ಕೆ ಇಟ್ಟು, ಅಡ್ಡಾದಿಡ್ಡಿ ಗೆರೆ ಎಳೆದ. ತೊಂಬತ್ತು ಪ್ರಶ್ನೆಗಳ ಕಾಗದ ಹಂಚಿದ. "ಹೆಸರು ಬರೀಬೇಡಿ. ನಿಮ್ಮ ಟೋಕನ್ ನಂಬರ್ ಹಾಕಿ ಸಾಕು. ಆಗ ಮನಸ್ಸು ಬಿಚ್ಚಿ ಉತ್ತರ ಕೊಡ್ತೀರಿ."

ಕಾಗದ ಎಂದ ಕೂಡಲೆ ಅರ್ಧ ಜನ ಚೀಟಿರಾಯನ ಮುಂದೆ ಸಾಲು ನಿಂತರು. ಕೊನೆಗೆ ಉಳಿದವರು ದೊಡ್ಡಕ್ಕ. ಕೈ ಒದ್ದೆ, ಕನ್ನಡಕ ಮನೆಯಲ್ಲಿ. ಯಂತ್ರ ಬಿಟ್ಟು ಬರುವವರೂ ಅಲ್ಲ. ಚೀಟಿರಾಯ ತನ್ನ ಕಾಗದವನ್ನೂ ಅವರ ಕಾಗದವನ್ನೂ ಹಿಡಿದು ರೋಲರಿನ ಪಕ್ಕದ ಮೇಜಿಗೇ ಹೋದ.

"ಜಗಳ ಬಂದಾಗ ನೀವು ಎದುರಿಸ್ತೀರಾ, ಜಾಗ ಬಿಡ್ತೀರಾ?" ಎಂದು ಓದಿದ.

"ಜಗಳ ಬರಲ್ಲ ತಮ್ಮಾ, ನಾನೇ ಹೋಗ್ತೀನಿ. ಅದಕ್ಕೆ ಜಾಗ ಇದೆಯಾ ನೋಡು."

"ಯಾರಾದರೂ ನಿಮ್ಮನ್ನ ಹತೋಟೀಲಿ ಇಡೋಕೆ ಬಂದ್ರೆ?"

"ಇಟ್ಟು ನೋಡ್ಲಿ ಅಂತ ಬರಿ."

"ಕಷ್ಟ ಬಂದಾಗ ಯಾರ ಸಹಾಯ ಕೇಳ್ತೀರಿ?"

ದೊಡ್ಡಕ್ಕ ಒಂದು ಬೆಡ್‌ಶೀಟನ್ನು ಪೂರ್ತಿ ಒಳಗೆ ಕಳಿಸಿದರು. "ಅದು ಖಾಲಿ ಬಿಡು."

ತನ್ನ ಕಾಗದದಲ್ಲಿ ಚೀಟಿರಾಯ ಯಾರಿಗೂ ಬೇಸರವಾಗದಂತೆ ಗುರುತು ಹಾಕಿದ. ಎಲ್ಲಿ ನಿರ್ಧಾರ ಮಾಡಬೇಕಾಗಿ ಬಂತೋ ಅಲ್ಲಿ ಎರಡಕ್ಕೂ ಹಾಕಿದ. ಆಮೇಲೆ ತನ್ನ ಕಸುಬಿನ ಅಭ್ಯಾಸದಂತೆ, ಎಲ್ಲ ಮೂಟೆ ಕಟ್ಟಿದ ಮೇಲೆ ಕೊನೆಯಲ್ಲಿ ಚೀಟಿ ಸಿಕ್ಕಿಸುವ ಹಾಗೆ, ಎಲ್ಲ ಕಾಗದ ತುಂಬಿದ ಮೇಲೆ ಒಂದೇ ಸಲಕ್ಕೆ ಟೋಕನ್ ನಂಬರಿನ ಚೀಟಿಗಳನ್ನು ಪಿನ್ನು ಮಾಡಿದ. ಎರಡು ಕಾಗದ, ಎರಡರಲ್ಲೂ ಅವನದೇ ಕೈಬರಹ. ಅಷ್ಟರಲ್ಲಿ ಮ್ಯಾನೇಜರ್ "ಏಯ್ ಚೀಟಿ!" ಎಂದು ಕೂಗಿದರು. ಅವನ ಕೈ ನಡುಗಿತು. ಅವನ ಚೀಟಿ ದೊಡ್ಡಕ್ಕನ ಕಾಗದಕ್ಕೆ ಹೋಯಿತು, ದೊಡ್ಡಕ್ಕನ ಚೀಟಿ ಅವನ ಕಾಗದಕ್ಕೆ ಬಂತು.

ಮೂರನೆಯ ದಿನ ಫಲಿತಾಂಶ. ನನ್ನ ನಂಬರು ಆರು, ನಿಷ್ಠಾವಂತ. ಹೆದರುಪುಕ್ಕಲ ಎಂಬ ಮಾತಿಗೆ ಇಸ್ತ್ರಿ ಹಾಕಿದರೆ ನಿಷ್ಠಾವಂತ ಆಗುತ್ತದೆ ಎಂದು ಆಗ ತಿಳಿಯಿತು.

"ಈ ಇಡೀ ಸಂಸ್ಥೇಲಿ ಎಂಟನೇ ನಂಬರ್ ಒಬ್ಬರೇ ಒಬ್ಬರು," ಎಂದ ತರಬೇತುದಾರ, "ಎದುರಿಸುವವರು! ಹುಟ್ಟು ನಾಯಕರು! ಯಾರ ಹಂಗಿಗೂ ಬೀಳದವರು!"

ನಾವೆಲ್ಲ ದೊಡ್ಡಕ್ಕನ ಕಡೆ ತಿರುಗಿದೆವು. ತರಬೇತುದಾರ ಚೀಟಿರಾಯನ ಕಡೆ ಕೈ ತೋರಿಸಿದ.

ಚೀಟಿರಾಯ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಗೋಡೆ ಇತ್ತು. ಅವನು ಹದಿನೇಳು ವರ್ಷದಲ್ಲಿ ಮೊದಲ ಸಲ ಎದ್ದು ನಿಂತು, "ಇಲ್ಲ ಸಾರ್, ಇದರಲ್ಲೇನೋ ತಪ್ಪಾಗಿದೆ ಸಾರ್" ಎಂದ.

"ನೋಡಿದ್ರಾ!" ತರಬೇತುದಾರ ಕುಣಿದುಬಿಟ್ಟ. "ಎದುರಿಸಿದ್ರು! ತಜ್ಞ ಹೇಳಿದ್ರೂ ಒಪ್ಪಲ್ಲ! ಇದೇ ಎಂಟು!"

ಮ್ಯಾನೇಜರ್ ಬಂದು ಕೈ ಕುಲುಕಿದರು. ಚೀಟಿರಾಯ "ಹೂಂ ಸಾರ್" ಎಂದು ಕೂತ.

"ಎಷ್ಟು ಬೇಗ ಸಮಾಧಾನ ತಂದ್ಕೊಂಡ್ರು ನೋಡಿ. ಪಕ್ವವಾದ ಎಂಟು."

ದೊಡ್ಡಕ್ಕನಿಗೆ ಒಂಬತ್ತು ಬಂತು. ಶಾಂತಿಪ್ರಿಯರು, ಹೊಂದಿಕೊಂಡು ಹೋಗುವವರು, ಯಾವುದಕ್ಕೂ ಬೇಡ ಎನ್ನದವರು. ಹಿಂದಿನ ಸಾಲಿನಲ್ಲಿ ಇಬ್ಬರಿಗೆ ಕೆಮ್ಮು ಬಂತು.

"ಯಾರು ಹೇಳಿದ್ದು ಶಾಂತಿಪ್ರಿಯೆ ಅಂತ?" ದೊಡ್ಡಕ್ಕನ ದನಿ ಮೈಕಿಗಿಂತ ಜೋರಾಗಿತ್ತು.

ತರಬೇತುದಾರ ತಲೆ ಅಲ್ಲಾಡಿಸುತ್ತ ಬರೆದುಕೊಂಡ: ಒತ್ತಡದಲ್ಲಿದ್ದಾರೆ.

ಮ್ಯಾನೇಜರ್ ನನ್ನ ಪಕ್ಕದಲ್ಲೇ ಇದ್ದರು. "ಇಷ್ಟು ದಿನ ನಾವೇ ತಪ್ಪು ತಿಳ್ಕೊಂಡಿದ್ವಿ ಕಣಯ್ಯ. ಆಯಮ್ಮ ಕೂಗಾಡೋದೆಲ್ಲ ಮೇಲೆ ಮೇಲೆ. ಒಳಗೆ ಹಸು." ನಲವತ್ತು ನಿಮಿಷ ಅವರೇ ಅನುಭವಿಸಿದ್ದರು. ಆದರೂ ಬಟ್ಟೆಯನ್ನು ಬಿಟ್ಟು ಚೀಟಿಯನ್ನು ನಂಬಿದರು.

ಚೀಟಿರಾಯ ಆ ಸಂಜೆ ಎಂಟು ಎಂದು ದಪ್ಪಕ್ಕೆ ಅಚ್ಚು ಹಾಕಿದ ಕಾರ್ಡು ಹಿಡಿದು ಮನೆಗೆ ಹೋದ. ಹೆಂಡತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಯಾರದ್ದು ರೀ ಇದು? ಯಾರದ್ದೋ ಎತ್ಕೊಂಡು ಬಂದಿದ್ದೀರಾ?" ಈ ಪ್ರಕರಣದಲ್ಲಿ ಸರಿಯಾದ ಮಾತು ಹೇಳಿದ ಮೊದಲನೆಯವಳು ಅವಳೇ.

ಆದರೆ ಅವಳ ತಮ್ಮ ಹಾಗಲ್ಲ. ಮೂರು ವರ್ಷದಿಂದ ಕೆಲಸ ಹುಡುಕುತ್ತ ಮನೆಯ ಒಂದೇ ಮೆತ್ತೆ ಕುರ್ಚಿಯಲ್ಲಿ ಒರಗಿದ್ದವನು ಫೋನಿನಲ್ಲಿ ಎಂಟರ ಬಗ್ಗೆ ಓದಿದ. "ಅಕ್ಕಾ, ಇಂಥವರು ಸುಮ್ಮನಿದ್ದಾಗ್ಲೇ ಜಾಸ್ತಿ ಅಪಾಯ ಅಂತೆ. ಒಳಗೇ ಕುದೀತಿರ್ತಾರಂತೆ." ಭಾವ ಹದಿನೇಳು ವರ್ಷದಿಂದ ಸುಮ್ಮನಿದ್ದುದು ನೆನಪಾಗಿ ಮೆಲ್ಲಗೆ ಕುರ್ಚಿ ಬಿಟ್ಟ. "ಬನ್ನಿ ಭಾವ, ಕೂತ್ಕೊಳ್ಳಿ."

ಮಾರನೆಯ ಬೆಳಗ್ಗೆ ಹೆಂಡತಿಯೇ ಪರೀಕ್ಷೆಗೆ ಇಳಿದಳು. ಮಹಡಿ ಮನೆಯವರ ಬಚ್ಚಲು ಪೈಪು ಒಡೆದು ಇವರ ಒಣಹಾಕಿದ ಬಟ್ಟೆಯ ಮೇಲೆ ನೀರು ಸುರಿಯುವುದು ಹಳೆಯ ಕಥೆ. "ಎಂಟಲ್ವಾ ನೀವು? ಹೋಗಿ ಹೇಳಿ ಬನ್ನಿ." ಚೀಟಿರಾಯ ಮೇಲೆ ಹೋಗಿ ಗಂಟೆ ಒತ್ತಿದ. ಬಾಗಿಲು ತೆರೆಯಿತು. ಬೆವರುತ್ತ, ಕಣ್ಣು ಮಿಟುಕಿಸದೆ ನಿಂತ. ಮಹಡಿಯವರಿಗೆ ಭಾವಮೈದುನ ಮೊದಲೇ ಸುದ್ದಿ ಮುಟ್ಟಿಸಿದ್ದ. "ನೋಡಿ, ಕೂತು ಮಾತಾಡೋಣ, ಕೈ ಮಾಡೋದೆಲ್ಲ ಬೇಡ" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಮಧ್ಯಾಹ್ನದೊಳಗೆ ಪೈಪು ರಿಪೇರಿಯಾಯಿತು.

ಹೆಂಡತಿ ನಗಲಿಲ್ಲ. "ಇಷ್ಟು ವರ್ಷ ನಾನು ಬಾಯಿ ಬಡ್ಕೊಂಡಿದ್ದಕ್ಕೆ ಆಗದೇ ಇದ್ದಿದ್ದು ಒಂದು ಕಾರ್ಡಿಗೆ ಆಯ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ಗೋಡೆಯ ಈಚೆ ಕೇಳಿಸಿಕೊಂಡ ನನಗೇ ಅದು ಚುಚ್ಚಿತು.

ಲಾಂಡ್ರಿಯಲ್ಲಿ ಅವನನ್ನು ಮೇಲ್ವಿಚಾರಕನನ್ನಾಗಿ ಮಾಡಿದರು. ಗಾಜಿನ ಕ್ಯಾಬಿನ್ನು, ತಿರುಗುವ ಕುರ್ಚಿ. "ಏಯ್ ಚೀಟಿ" ಹೋಗಿ "ರಾಯರೇ" ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರೆ. ಪಾಪ, ಚೀಟಿರಾಯ ಕೊಡೆಯನ್ನೇನೂ ಹಿಡಿಯಲಿಲ್ಲ, ಬೇರೆಯವರು ಹಿಡಿದ ಕೊಡೆಯ ಕೆಳಗೆ ನಿಂತ. ತಡವಾಗಿ ಬಂದ ಸೋಪಿನ ವ್ಯಾಪಾರಿಗೆ ಏನು ಹೇಳಬೇಕೆಂದು ತೋಚದೆ ಮೇಲಿನ ಫ್ಯಾನು ನೋಡುತ್ತ ಕೂತರೆ, ಅವನು ಹೆದರಿ ನಾಳೆಯ ಮಾಲನ್ನೂ ಇವತ್ತೇ ಇಳಿಸಿದ. ಇವನು ತೊದಲಿದರೆ ಕೋಪ ತಡೆದುಕೊಳ್ಳುತ್ತಿದ್ದಾರೆ ಎಂದರು, ತಲೆ ತಗ್ಗಿಸಿದರೆ ಲೆಕ್ಕಾಚಾರ ಹಾಕುತ್ತಿದ್ದಾರೆ ಎಂದರು.

ತಪ್ಪು ಹೇಳಿಬಿಡಬೇಕೆಂದು ಅವನಿಗೆ ದಿನಾ ಅನಿಸುತ್ತಿತ್ತು. ದಿನಾ ನಾಳೆ ಹೇಳಿದರಾಯಿತು ಎಂದುಕೊಂಡ. ಕೊನೆಗೆ ಒಂದು ದಿನ ತರಬೇತುದಾರನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದ. ನಾನು ಗುರುತು ಹಾಕಿಸಲು ತಂದ ಟವೆಲ್ಲುಗಳ ರಾಶಿ ಹಿಡಿದು ಅಲ್ಲೇ ಇದ್ದೆ. ರಾಶಿ ನನ್ನ ಮುಖಕ್ಕಿಂತ ಎತ್ತರವಾಗಿದ್ದರಿಂದ ಇಬ್ಬರಿಗೂ ನನ್ನ ಗಮನವಿರಲಿಲ್ಲ.

"ಸಾರ್, ಈ ಎಂಟು ಅಂದ್ರೆ... ನಿಜವಾದ ಎಂಟು ಹೇಗಿರ್ತಾರೆ ಸಾರ್?"

ತರಬೇತುದಾರನನ್ನು ನಾನು ಇಷ್ಟು ಹೊತ್ತು ಆಡಿಕೊಂಡೆ. ಆ ಹೊತ್ತು ಅವನು ಹೇಳಿದ್ದು ಮಾತ್ರ ಸುಳ್ಳಲ್ಲ. "ಅವರಿಗೆ ಇರೋದು ಒಂದೇ ಭಯ ರಾಯರೇ, ಇನ್ನೊಬ್ಬರ ಕೈಗೆ ಸಿಕ್ಕಿಬೀಳೋದು. ನಮ್ಮನ್ನ ಕಾಯೋರು ಯಾರೂ ಇಲ್ಲ ಅಂತ ಚಿಕ್ಕ ವಯಸ್ಸಲ್ಲೇ ಗೊತ್ತಾಗಿರತ್ತೆ. ಅದಕ್ಕೆ ತಾವೇ ಎಲ್ಲರನ್ನೂ ಕಾಯೋಕೆ ನಿಲ್ತಾರೆ. ಹೇಳೋದನ್ನ ಮುಖದ ಮೇಲೇ ಹೇಳ್ತಾರೆ, ಬೆನ್ನ ಹಿಂದೆ ಆಡ್ಕೊಳ್ಳಲ್ಲ. ಕೈಲಾಗದವರ ಮೇಲೆ ಯಾರಾದ್ರೂ ಜೋರು ಮಾಡಿದ್ರೆ ಸುಮ್ಮನಿರಲ್ಲ. ಜನ ಅವರನ್ನ ಜಗಳಗಂಟರು ಅಂತಾರೆ. ಒಳಗೆ ತುಂಬಾ ಮೆತ್ತಗಿರ್ತಾರೆ, ಆ ಮೆತ್ತನೆ ಜಾಗ ಮಾತ್ರ ಯಾರಿಗೂ ತೋರಿಸಲ್ಲ. ಸಹಾಯ ಅಂತೂ ಕೇಳೋದೇ ಇಲ್ಲ. ಒಂದ್ವೇಳೆ ಕೇಳಿದ್ರೆ, ಪ್ರಾಣ ತೆಗೆದು ನಿಮ್ಮ ಕೈಗೆ ಕೊಟ್ಟ ಹಾಗೆ."

ಗಾಜಿನಾಚೆ ದೊಡ್ಡಕ್ಕ ಒಬ್ಬಳ ಸುಟ್ಟ ಬೆರಳಿಗೆ ಬಟ್ಟೆ ಸುತ್ತುತ್ತಿದ್ದರು. ಸುತ್ತುವುದಕ್ಕಿಂತ ಬೈಯುವುದೇ ಹೆಚ್ಚಾಗಿತ್ತು. ಆಮೇಲೆ ತಮ್ಮ ಕೈಗವಸು ಬಿಚ್ಚಿ ಅವಳಿಗೆ ಕೊಟ್ಟು, ತಾವು ಬರಿಗೈಯಲ್ಲೇ ಬಿಸಿ ಬಟ್ಟೆ ಎತ್ತತೊಡಗಿದರು.

"ನೋಡಿ ಆಯಮ್ಮನ್ನ," ಎಂದ ತರಬೇತುದಾರ ಮರುಕದಿಂದ. "ಒಂಬತ್ತು. ಎಷ್ಟು ಒತ್ತಡ, ಪಾಪ."

ಆ ವಾರವೇ ಮ್ಯಾನೇಜರ್ ಕಬ್ಬಿಣದ ಪಟ್ಟಿಯನ್ನು ಮತ್ತೆ ಕಟ್ಟಿಸಿದರು. ದೊಡ್ಡಕ್ಕ ಕೆಂಪು ಗುಂಡಿ ಒತ್ತಿ ನಿಂತರು. ಈ ಸಲ ಮ್ಯಾನೇಜರಿಗೆ ಸಿಟ್ಟು ಬರಲಿಲ್ಲ, ಅದೇ ಭಯಂಕರ. ಅವರು ಆಸ್ಪತ್ರೆಯಲ್ಲಿ ರೋಗಿಯನ್ನು ಮಾತಾಡಿಸುವ ದನಿಯಲ್ಲಿ, "ಅಮ್ಮಾ, ನಿಮಗೆ ವಿಶ್ರಾಂತಿ ಬೇಕು. ಈ ಗದ್ದಲ ನಿಮ್ಮ ಸ್ವಭಾವಕ್ಕೆ ಆಗಿಬರಲ್ಲ" ಎಂದರು.

"ನನ್ನ ಸ್ವಭಾವಕ್ಕೆ ಏನು ಬಂದಿದೆ? ಪಟ್ಟಿ ಬಿಚ್ಚಿ. ನಾಳೆ ಯಾರದಾದ್ರೂ ಕೈ ಹೋದ್ರೆ ನಿಮ್ಮ ಕೈ ಕತ್ತರಿಸಿ ಕೊಡ್ತೀರಾ?"

"ನೋಡಿ, ಮತ್ತೆ ಒತ್ತಡ."

ಎರಡು ಬಸ್ಸು ಹಿಡಿದು ಎರಡು ಗಂಟೆ ಹೋದರೆ ನಮ್ಮ ಇನ್ನೊಂದು ಶಾಖೆ ಇದೆ. ಅಲ್ಲಿ ಆಸ್ಪತ್ರೆಯ ಕಲೆಬಟ್ಟೆ ಬೇರ್ಪಡಿಸುವ ಕೋಣೆ. ಕಿಟಕಿಯಿಲ್ಲ, ಯಂತ್ರವಿಲ್ಲ, ತುಂಬ ಶಾಂತ. ದೊಡ್ಡಕ್ಕನನ್ನು ಅಲ್ಲಿಗೆ ವರ್ಗ ಮಾಡುವ ಆದೇಶ ತಯಾರಾಯಿತು. ಅಲ್ಲಿಗೆ ಹೋದರೆ ಮಧ್ಯಾಹ್ನ ಮನೆಗೆ ಬರುವಂತಿಲ್ಲ, ಗಂಡನನ್ನು ಮಗ್ಗುಲು ತಿರುಗಿಸುವವರಿಲ್ಲ. ಹೋಗದಿದ್ದರೆ ಕೆಲಸವಿಲ್ಲ. ಮ್ಯಾನೇಜರ್ ಇದನ್ನೆಲ್ಲ ಯೋಚಿಸಿರಲಿಲ್ಲ ಎನ್ನಲಾರೆ. "ಶಾಂತಿಪ್ರಿಯರು ಗಲಾಟೆ ಮಾಡಲ್ಲ, ಹೊಂದ್ಕೋತಾರೆ" ಎಂದು ಚಾರ್ಟು ತೋರಿಸಿದರು. ಆದೇಶಕ್ಕೆ ಮೇಲ್ವಿಚಾರಕರ ಸಹಿ ಬೇಕಿತ್ತು.

"ಹೂಂ" ಎಂದ ಚೀಟಿರಾಯ. ಸಹಿ ನೋಡುವ ಹಾಗಿತ್ತು.

ಮರುದಿನ ಊಟದ ಹೊತ್ತಿನಲ್ಲಿ ದೊಡ್ಡಕ್ಕ ಕ್ಯಾಬಿನ್ನಿಗೆ ಬಂದರು. ಮನೆಗೆ ಓಡಬೇಕಾದ ಅರ್ಧ ಗಂಟೆ ಅದು. ಕೂರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡರು, ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದರು.

"ತಮ್ಮಾ, ನನಗೊಂದು ಅರ್ಜಿ ಬರ್ಕೊಡು."

ಆವತ್ತೂ ಟವೆಲ್ ರಾಶಿ ಹಿಡಿದು ಅಲ್ಲೇ ನಿಂತಿದ್ದ ನನಗೆ ತರಬೇತುದಾರ ಸಹಾಯದ ಬಗ್ಗೆ ಹೇಳಿದ್ದು ನೆನಪಾಯಿತು. ಚೀಟಿರಾಯನಿಗೂ ಹಾಗೆಯೇ ಆಗಿರಬೇಕು, ಪೆನ್ನು ಕೆಳಗೆ ಬಿತ್ತು. ಎತ್ತಿಕೊಂಡು ಬರೆಯತೊಡಗಿದ. ತಾನೇ ಸಹಿ ಮಾಡಿದ ಆದೇಶದ ವಿರುದ್ಧ ತಾನೇ ಅರ್ಜಿ ಬರೆದ. ದೊಡ್ಡಕ್ಕ ಮೊದಲ ಸಲ ಗಂಡನ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿದರು. ಎಷ್ಟು ಗಂಟೆಗೊಮ್ಮೆ ತಿರುಗಿಸಬೇಕು, ಬೆನ್ನಿನ ಹುಣ್ಣು ಎಲ್ಲೆಲ್ಲಿದೆ ಎಂದು, ಯಾರೋ ಪರರ ವಿಷಯವೆಂಬಂತೆ ಒಂದೇ ಸಮನೆ ಹೇಳಿದರು.

"ಕೊನೇಲಿ ದಯವಿಟ್ಟು ಅಂತ ಹಾಕ್ಲಾ ದೊಡ್ಡಕ್ಕ? ಹಾಕೋದು ಪದ್ಧತಿ."

ಅವರು ರೋಲರಿನ ಕಡೆ ನೋಡಿದರು. "ಹಾಕು."

ಬರೆದು ಮುಗಿಸಿದ ಚೀಟಿರಾಯನ ಕಣ್ಣು ತುಂಬಿತ್ತು. "ದೊಡ್ಡಕ್ಕ, ಆವತ್ತು ಆ ಎರಡು ಚೀಟಿ..."

"ಗೊತ್ತು. ಅವನು ಎಂಟು ಅಂದ ಕೂಡ್ಲೇ ಗೊತ್ತಾಯ್ತು. ಇಟ್ಕೋ. ಚೀಟಿ ನೋಡ್ಕೊಂಡು ಬದುಕೋಳಲ್ಲ ನಾನು." ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದರು, "ಆದ್ರೆ ತಮ್ಮಾ, ಇನ್ನೊಬ್ಬರ ಬಟ್ಟೆ ಇಟ್ಕೊಂಡ ಮೇಲೆ ಒಂದಿನನಾದ್ರೂ ಮೈಗೆ ಹಾಕ್ಕೋಬೇಕು. ಪೆಟ್ಟಿಗೇಲಿಟ್ರೆ ಯಾರಿಗೇನು ಬಂತು?"

ಆ ಸಂಜೆ ಗೋಡೆಯಾಚೆ ನಡೆದದ್ದನ್ನು ನಾನು ಅಕ್ಷರಕ್ಷರ ಕೇಳಿದ್ದೇನೆ. ಚೀಟಿರಾಯ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ, ಸೊಂಟಕ್ಕೆ ಸೆರಗು ಸಿಕ್ಕಿಸಿರಬೇಕು. "ನಾಳೆ ವಿಚಾರಣೇಲಿ ಜಾಸ್ತಿ ಮಾತಾಡೋಕೆ ಹೋಗ್ಬೇಡಿ, ನಿಮಗೆ ಬರಲ್ಲ. ಒಂದೇ ಮಾತು ಸಾಕು. ಆಗಲ್ಲ ಅನ್ನಿ. ಮೇಜು ಕುಟ್ಟಿ, ಆಗಲ್ಲ ಅನ್ನಿ." ಭಾವಮೈದುನ ಮೆತ್ತೆ ಕುರ್ಚಿಯಲ್ಲಿ ಮ್ಯಾನೇಜರ್ ಆಗಿ ಕೂತ.

"ರಾಯರೇ, ಈ ವರ್ಗ ಮಾಡಬಹುದಲ್ವಾ?"

"ಆಗ... ಆಗತ್ತೇನೋ."

"ರೀ!"

ಎಂಟು ಸಲ, ಹತ್ತು ಸಲ. ಇಪ್ಪತ್ತನೆಯ ಸಲಕ್ಕೆ ಮೇಜು ಕುಟ್ಟಿದ ಸದ್ದಿಗೆ ನಮ್ಮ ಮನೆಯ ತಟ್ಟೆಗಳು ನಡುಗಿದವು. "ಆಗಲ್ಲ!" ಮಹಡಿಯವರು ಪೈಪು ಸರಿಯಿದೆಯೇ ಎಂದು ಇಣುಕಿ ನೋಡಿದರಂತೆ. ಗೋಡೆಯ ಈಚೆ ನಾನು ಒಬ್ಬನೇ ನಕ್ಕೆ. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ವಿಚಾರಣೆ ಮಾರನೆಯ ದಿನ ಹತ್ತು ಗಂಟೆಗೆ. ಮ್ಯಾನೇಜರ್, ತರಬೇತುದಾರ, ಚೀಟಿರಾಯ, ಎದುರಿಗೆ ದೊಡ್ಡಕ್ಕ. ನೌಕರರ ಪರವಾಗಿ ಒಬ್ಬರು ಇರಬೇಕೆಂದು ನನ್ನನ್ನು ಕೂರಿಸಿದರು, ನಿಷ್ಠಾವಂತನಲ್ಲವೇ. ಚೀಟಿರಾಯ ಅರ್ಜಿ ಓದಿದ. ತೊದಲುತ್ತಲೇ ಪೂರ್ತಿ ಓದಿದ. ಓದಿ, ಮೇಜಿನ ಮೇಲೆ ಮುಷ್ಟಿ ಇಟ್ಟುಕೊಂಡು ಪ್ರಶ್ನೆಗೆ ಕಾದ. ಹಣೆಯಲ್ಲಿ ನರ ಎದ್ದಿತ್ತು. ಅವನ ಬಾಯಿಯಲ್ಲಿ ಆ ಒಂದು ಮಾತು ತುಂಬಿಕೊಂಡಿರುವುದು ನನಗೆ ಕಾಣುತ್ತಿತ್ತು.

ಆದರೆ ಮ್ಯಾನೇಜರಿಗೆ ಭಾವಮೈದುನ ಹೇಳಿಕೊಟ್ಟಿರಲಿಲ್ಲ. ಅವರು ಕೇಳಿದ್ದೇ ಬೇರೆ. "ಏನು ರಾಯರೇ, ಈ ಅರ್ಜಿ ಒಪ್ಕೊಳ್ಳೋಕೆ ಆಗತ್ತಾ?"

ಚೀಟಿರಾಯ ಮೇಜು ಕುಟ್ಟಿದ. "ಆಗಲ್ಲ!"

ಟೀ ಲೋಟ ಉರುಳಿತು. ಹದಿನೇಳು ವರ್ಷದ ದನಿಯೆಲ್ಲ ಅದರಲ್ಲಿತ್ತು. ರೋಲರಿನ ಬಳಿ ಇದ್ದವರು ಕೂಡ ತಿರುಗಿ ನೋಡಿದರು.

"ಶಭಾಷ್!" ಎಂದರು ಮ್ಯಾನೇಜರ್. "ಇದು ನಿರ್ಧಾರ ಅಂದ್ರೆ!" ಎಂದ ತರಬೇತುದಾರ.

ಚೀಟಿರಾಯನ ಮುಖ ಬಿಳಿಚಿತು. ಏನು ಹೇಳಿದೆ ಎಂಬುದು ಅವನಿಗೆ ಈಗ ಗೊತ್ತಾಯಿತು. ಬಾಯಿ ತೆರೆದ. ತಿದ್ದಲು ಬೇಕಾದಷ್ಟು ಸಮಯ ಇತ್ತು. ನಾನು ಗಡಿಯಾರ ನೋಡುತ್ತಿದ್ದೆ, ಮುಳ್ಳು ಒಂದು ನಿಮಿಷ ದಾಟಿತು. ಅದಲ್ಲ ಸಾರ್, ನಾನು ಹೇಳಲು ಹೊರಟಿದ್ದು ಬೇರೆ, ಇಷ್ಟೇ ಹೇಳಬೇಕಾಗಿತ್ತು. ಅವನು ಹೇಳಲಿಲ್ಲ. ನನಗೂ ಎಲ್ಲ ಗೊತ್ತಿತ್ತು, ನನಗೂ ಬಾಯಿ ಇತ್ತು, ನೌಕರರ ಪರವಾಗಿ ಕೂತವನೂ ನಾನೇ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಾನೂ ಮೇಜಿನ ಮೇಲೆ ಚೆಲ್ಲಿದ ಟೀಯನ್ನೇ ನೋಡುತ್ತ ಕೂತೆ. ದೊಡ್ಡಕ್ಕ ಮಾತ್ರ ಅವನ ಮುಖ ನೋಡುತ್ತಿದ್ದರು. ಕಾದರು. ಅವರು ಕಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಬರೀರಿ ಹಾಗಾದ್ರೆ," ಎಂದರು ಮ್ಯಾನೇಜರ್.

"ಹೂಂ ಸಾ‌ರ್."

ಅರ್ಜಿಯ ಕೆಳಗೇ, ದಯವಿಟ್ಟು ಎಂಬ ಮಾತಿನಿಂದ ಎರಡು ಬೆರಳು ಅಂತರ ಬಿಟ್ಟು, ತಿರಸ್ಕರಿಸಲಾಗಿದೆ ಎಂದು ಬರೆದ. ಒಂದು ಕಾಗುಣಿತ ತಪ್ಪಿಲ್ಲ.

ದೊಡ್ಡಕ್ಕ ಕಾಗದ ತೆಗೆದುಕೊಂಡು ದೂರ ಹಿಡಿದು ನೋಡಿದರು, ಕನ್ನಡಕ ಇರಲಿಲ್ಲ. "ಎರಡೂ ಒಂದೇ ಥರ ಇದೆ ತಮ್ಮಾ. ಕೈ ನಡುಗಿಲ್ಲ." ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಹೋಗುವಾಗ ರೋಲರಿನ ಪಟ್ಟಿಗೆ ಕಟ್ಟಿದ್ದ ಬಟ್ಟೆಚೂರನ್ನು ಬಿಚ್ಚಿ ಬುಟ್ಟಿಗೆ ಎಸೆದು, ಹಿಂದಿನ ಬಾಗಿಲಿನಿಂದ ಮನೆಯ ಬೀದಿಗೆ ಇಳಿದರು. ಇನ್ನೊಂದು ಶಾಖೆಗೂ ಹೋಗಲಿಲ್ಲ, ಇಲ್ಲಿಗೂ ಬರಲಿಲ್ಲ. ಆ ಬೀದಿಯಲ್ಲಿ ನಾವು ಈಗ ಯಾರೂ ಓಡಾಡುವುದಿಲ್ಲ, ಸ್ವಲ್ಪ ಸುತ್ತಾದರೂ ಪರವಾಗಿಲ್ಲ ಎಂದು ಮುಂದಿನ ಬೀದಿ ಹಿಡಿಯುತ್ತೇವೆ.

ಪಟ್ಟಿಯನ್ನು ಅವತ್ತು ಮಧ್ಯಾಹ್ನವೇ ಮತ್ತೆ ಕಟ್ಟಿದರು. ಇನ್ನು ಯಾರೂ ಮುಟ್ಟದಿರಲಿ ಎಂದು, ಕಟ್ಟುವ ಬಟ್ಟೆಯ ಮೇಲೆ ಬಿಚ್ಚಬಾರದು ಎಂದು ಬರೆಸಿದರು. ಬರೆದವರು ಯಾರೆಂದು ಹೇಳಬೇಕಾಗಿಲ್ಲ. ಶಾಯಿ ಅದೇ, ಕುದಿಸಿದರೂ ಹೋಗದ್ದು. ಚೀಟಿರಾಯನಿಗೆ ಮನೆಯಲ್ಲಿ ಮೆತ್ತೆ ಕುರ್ಚಿ ಇನ್ನೂ ಇದೆ, ಹೆಂಡತಿಯ ಮಾತು ಮಾತ್ರ ಗೋಡೆಯಾಚೆಯಿಂದ ಕೇಳಿಸುವುದಿಲ್ಲ. ರೋಲರಿನಲ್ಲಿ ಇದುವರೆಗೆ ಯಾರಿಗೂ ಏನೂ ಆಗಿಲ್ಲ. ಇದನ್ನು ನಾವು ದಿನಾ ಸಂಜೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.

ದೊಡ್ಡಕ್ಕನ ಜಾಗಕ್ಕೆ ಹೊಸಬಳೊಬ್ಬಳು ಬಂದಿದ್ದಾಳೆ. ಚುರುಕು ಕೈ, ಸಣ್ಣ ಬೆರಳುಗಳು. ಮೊನ್ನೆ ಪಟ್ಟಿಯ ಕಡೆ ತೋರಿಸಿ ನನ್ನನ್ನೇ ಕೇಳಿದಳು, "ಅಣ್ಣಾ, ಇದನ್ನ ಯಾಕೆ ಮೇಲೆ ಕಟ್ಟಿದ್ದಾರೆ? ಕೆಳಗಿದ್ರೆ ಒಳ್ಳೇದಲ್ವಾ?"

ನಾನು ಆಚೆ ಈಚೆ ನೋಡಿದೆ. ಗಾಜಿನ ಕ್ಯಾಬಿನ್ನಿನಲ್ಲಿ ಎಂಟನೇ ನಂಬರು ಫ್ಯಾನು ನೋಡುತ್ತ ಕೂತಿತ್ತು.

"ಅದೆಲ್ಲ ನಮಗ್ಯಾಕಮ್ಮ," ಎಂದೆ. "ಮೇಲೆ ಏನು ಬರ್ದಿದೆ ಓದ್ಕೋ."

ಅವಳು ಕತ್ತೆತ್ತಿ ಓದಿದಳು. "ಅಕ್ಷರ ಎಷ್ಟು ಮುದ್ದಾಗಿದೆ!" ಎಂದು ಹೇಳಿ, ಮುಂದಿನ ಬೆಡ್‌ಶೀಟನ್ನು ರೋಲರಿನ ಬಾಯಿಗೆ ಕೊಟ್ಟಳು.